ಮನೆ ಕೊಳ್ಳುವ ಮುನ್ನ ಅರ್ಥಿಂಗ್ ನಿಜವಾಗಿಯೂ ಇದೆಯೇ ನೋಡಿ

ಹಳೇ ಮನೆ ನೋಡಲು ಹೋದವರು ಸ್ವಿಚ್ ಹಾಕುತ್ತಾರೆ. ಲೈಟು ಉರಿಯಿತು, ಫ್ಯಾನು ತಿರುಗಿತು, ವೈರಿಂಗ್ ಸರಿಯಿದೆ ಎಂದುಕೊಳ್ಳುತ್ತಾರೆ. ಅವೆರಡಕ್ಕೂ ಕರೆಂಟ್ ಬರುವ ಫೇಸ್, ಅದು ಹಿಂತಿರುಗುವ ನ್ಯೂಟ್ರಲ್ ಇದ್ದರೆ ಸಾಕು. ಪ್ರಾಣ ಕಾಯುವುದು ಮೂರನೇ ವೈರು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್. ಮನೆಗಳ ವೈರಿಂಗ್ ತಪಾಸಣೆ ಮಾಡುವ ನಮಗೆ ಹೆಚ್ಚು ಹೊತ್ತು ಹಿಡಿಯುವುದೂ ಅದೇ.

ಎಷ್ಟೋ ಮನೆಗಳಲ್ಲಿ ಸಾಕೆಟ್ ಹಿಂದೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಕೊಟ್ಟು ಮುಗಿಸಿರುತ್ತಾರೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟರೆ ಫೇಸ್–ಅರ್ಥ್ ನಡುವೆ ಸರಿಯಿದ್ದಂತೆಯೇ 230 ವೋಲ್ಟ್ ಬರುತ್ತದೆ. ಆದರೆ ನ್ಯೂಟ್ರಲ್ ಕಡಿದ ದಿನ ಆನ್ ಇರುವ ಉಪಕರಣದ ಮೂಲಕವೇ ಕರೆಂಟ್ ತಿರುಗಿ ಬಂದು ಫ್ರಿಜ್ಜು, ವಾಷಿಂಗ್ ಮೆಷಿನ್ನಿನ ಮೈ ಮುಟ್ಟಿದರೆ ಶಾಕ್. ಪತ್ತೆ ಹೀಗೆ: ಒಂದು ಸಾಕೆಟ್‌ಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಾಕಿ, ಅದೇ ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ ನ್ಯೂಟ್ರಲ್–ಅರ್ಥ್ ವೋಲ್ಟೇಜ್ ಅಳೆಯಿರಿ. ಅಲ್ಪಸ್ವಲ್ಪವಾದರೂ ಏರಬೇಕು. ಸೊನ್ನೆಯಲ್ಲೇ ನಿಂತರೆ ಅವೆರಡನ್ನೂ ಅಲ್ಲೇ ಜೋಡಿಸಿರುವ ಅನುಮಾನ, ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿಸಿ.

ತುಕ್ಕು ಹಿಡಿದ ಅರ್ಥ್ ವೈರೂ ಮಲ್ಟಿಮೀಟರಿನಲ್ಲಿ 230 ತೋರಿಸುತ್ತದೆ, ಏಕೆಂದರೆ ಆ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ನಿಜವಾದ ಕರೆಂಟ್ ಹರಿಸಿ ಅರ್ಥ್ ದಾರಿಯ ತಡೆ ಅಳೆಯುವ ಲೂಪ್ ಟೆಸ್ಟರ್ ಬೇಕು. ಅರ್ಥ್ ವೈರು ನೆಲ ಸೇರುವ ಗುಂಡಿಯ ರೆಸಿಸ್ಟೆನ್ಸ್, ಅಂದರೆ ತಡೆ, 5 ಓಮ್ ಒಳಗಿರಲಿ. ಮಳೆಗಾಲದಲ್ಲಿ ಅಳೆದರೆ ಚೆನ್ನಾಗಿ ಬರುತ್ತದೆ, ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಏರುತ್ತದೆ.

5 ಓಮ್ ಇದ್ದರೂ ಫೇಸ್ ಉಪಕರಣದ ಮೈಗೆ ತಾಗಿದಾಗ ಅರ್ಥ್‌ಗೆ ಹರಿಯುವುದು ಹೆಚ್ಚೆಂದರೆ 46 ಆಂಪಿಯರ್. ಕರೆಂಟ್ ಮಿತಿಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚೇ ಎಂಸಿಬಿ; 16 ಆಂಪಿಯರಿನ ಸಿ ಟೈಪ್ ಎಂಸಿಬಿ ತಕ್ಷಣ ಬೀಳಲು ಕನಿಷ್ಠ 80 ಬೇಕು. ಹಾಗಾಗಿ ಅಲ್ಪ ಕರೆಂಟ್ ಸೋರಿದರೂ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯನ್ನು ನಾವು ಪಾಸ್ ಮಾಡುವುದಿಲ್ಲ. ಅದರ ಟೆಸ್ಟ್ ಬಟನ್ ಅರ್ಥಿಂಗ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ, ಅದನ್ನೇ ನಂಬಿ ಕೂರಬೇಡಿ. ಆರ್‌ಸಿಸಿಬಿ ಟೆಸ್ಟರ್ ಹಾಕಿ 30 ಮಿಲಿಆಂಪಿಯರಿಗೆ 300 ಮಿಲಿಸೆಕೆಂಡ್ ಒಳಗೆ ಬೀಳುತ್ತದೆಯೇ ನೋಡಿಸಿ.

ಎಂಸಿಬಿಗಳಿರುವ ಡಿಬಿ ಪೆಟ್ಟಿಗೆಯ ಮುಚ್ಚಳ ತೆಗೆಸಿದಾಗ ಎಂಸಿಬಿಯ ನಂಬರಿಗೂ ವೈರಿನ ದಪ್ಪಕ್ಕೂ ತಾಳೆಯಿದೆಯೇ ನೋಡಿ. ಪದೇ ಪದೇ ಬೀಳುತ್ತದೆಂದು 16ರ ಜಾಗಕ್ಕೆ 32 ಹಾಕಿರುತ್ತಾರೆ, 2.5 ಚದರ ಮಿ.ಮೀ. ವೈರು ಪೈಪಿನೊಳಗೆ ಕಾದು ಬೇಯುತ್ತಿದ್ದರೂ ಅದು ಬೀಳುವುದಿಲ್ಲ.

ವೈರಿನ ಇನ್ಸುಲೇಷನ್ ಹಾಳಾಗಿದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಟೆಸ್ಟ್‌ಗೆ ಮೇನ್ ಆಫ್ ಇರಬೇಕು, ಎಲ್‌ಇಡಿ ಬಲ್ಬು, ಇನ್ವರ್ಟರ್, ಟಿವಿ ಎಲ್ಲ ಕಳಚಿರಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದ ಲೈನಿನ ವೈರನ್ನು ಬದಲಿಸಲೇಬೇಕು. ಪೈಪು ಕಟ್ಟಿಕೊಂಡಿದ್ದರೆ ಗೋಡೆ ಒಡೆಯುವ ಖರ್ಚೂ ಸೇರುತ್ತದೆ. ಆ ಲೆಕ್ಕವನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಮಾರುವವರ ಮುಂದಿಡಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದನ್ನೂ ಆಗಲೇ ನೋಡಿಕೊಳ್ಳಿ.