ಯೂನಿಕಾರ್ನ್ ಯಾಕೆ ಸಾರ್, ಶರಭ ಇಲ್ವಾ?

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿನವರು ಗೇಟಿಗೊಂದು ಲಾಂಛನ ಬರೆದುಕೊಡಿ ಅಂತ ಬಂದರು. ಬ್ರಿಟಿಷ್ ರಾಜಮನೆತನದ್ದರ ಥರ ಬೇಕಂತೆ: ನಡುವೆ ಗುರಾಣಿ, ಒಂದು ಕಡೆ ಸಿಂಹ, ಇನ್ನೊಂದು ಕಡೆ ಯೂನಿಕಾರ್ನ್. ಆ ಒಂಟಿಕೊಂಬಿನ ಕುದುರೆ ಸ್ಕಾಟ್ಲೆಂಡಿನದು. 1603ರಲ್ಲಿ ಎರಡೂ ಸಿಂಹಾಸನ ಒಬ್ಬನೇ ರಾಜನ ಪಾಲಾದ ಮೇಲೆ ಇಂಗ್ಲೆಂಡಿನ ಸಿಂಹದ ಎದುರು ಬಂದು ನಿಂತಿತು. ಮೈಗೆ ಸರಪಳಿ ಬೇರೆ. (ಸರಪಳಿ ಬೇಡ ಅಂದರು ಸೆಕ್ರೆಟರಿ.)

ನನಗೆ ತಡೆಯಲಾಗಲಿಲ್ಲ. "ಸಾರ್, ನಿಮ್ಮ ಬಚ್ಚಲುಮನೆಯಲ್ಲೇ ಒಂದು ಪ್ರಾಣಿ ಇರುತ್ತೆ, ನೋಡಿದ್ದೀರಾ?" ಮೈಸೂರು ಸ್ಯಾಂಡಲ್ ಸೋಪಿನ ಶರಭ! ಸಿಂಹದ ಮೈ, ಆನೆಯ ತಲೆ. ನಮ್ಮ ರಾಜ್ಯ ಲಾಂಛನಕ್ಕೂ ಎರಡು ಕಡೆ ಇಂಥವೇ ಕಾವಲು. ನಡುವಿನ ಕೆಂಪು ಗುರಾಣಿಯಲ್ಲಿ ಬಿಳಿ ಗಂಡಭೇರುಂಡ.

ಗಂಡಭೇರುಂಡ ಬರೆಯುವಾಗ ಕಾಡುವುದು ಕತ್ತು. ಎರಡು ತಲೆ ಯಾರಾದರೂ ಬರೀತಾರೆ, ಒಂದೇ ಎದೆಯಿಂದ ಎರಡು ಕತ್ತು ಕವಲೊಡೆಯುವ ಜಾಗದಲ್ಲಿ ಬ್ರಷ್ ತಡವರಿಸುತ್ತೆ. ರಷ್ಯಾದ ಲಾಂಛನದಲ್ಲೂ ಎರಡು ತಲೆಯ ಹದ್ದಿದೆ, ಆದರೆ ನನ್ನ ಕಣ್ಣಿಗೆ ಅದು ಸೆಟೆದು ನಿಂತ ಜಮೀನ್ದಾರ. ನಮ್ಮದು ಆನೆಗಳನ್ನೇ ಎತ್ತಿಕೊಂಡು ಹೋಗುತ್ತೆ. ವಿಜಯನಗರದ ಅಚ್ಯುತರಾಯನ ಪುಟ್ಟ ಚಿನ್ನದ ನಾಣ್ಯದಲ್ಲಿ ಅಷ್ಟನ್ನೂ ಟಂಕಿಸಿದ ಕೈಗೆ ನಮಸ್ಕಾರ. ಬಳ್ಳಿಗಾವಿಯ 1047ರ ಕಂಬದ ಮೇಲಿನದಕ್ಕಂತೂ ಮನುಷ್ಯನ ಮೈ!

ಇಷ್ಟೆಲ್ಲ ಹೇಳಿದೆ. ಕಮಿಟಿ ಮೀಟಿಂಗಿನಲ್ಲಿ ಯೂನಿಕಾರ್ನೇ ಗೆದ್ದಿತು. ಅಡ್ವಾನ್ಸ್ ತಗೊಂಡೆ.