ತೋಟಾ ಕೇಳೋ ಮೊದಲು ದೂರ ಹೇಳಿ

ನಾನು ಬಳ್ಳಾರಿಯ ಒಂದು ಬಂದೂಕಿನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ರೈಫಲ್ ವಿಷಯ ಮಾತಾಡಲು ಬರುವವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಯಾವ ತೋಟಾಕ್ಕೆ ಪವರ್ ಜಾಸ್ತಿ ಅಣ್ಣಾ?" ತೋಟಾ ಅಂದರೆ ಗುಂಡು, ಮದ್ದು ಎರಡೂ ಸೇರಿದ ಕಾರ್ಟ್ರಿಡ್ಜ್. ನಾನು ಉತ್ತರ ಕೊಡುವ ಮೊದಲು ತಿರುಗಿ ಕೇಳುತ್ತೇನೆ. ಎಷ್ಟು ದೂರಕ್ಕೆ? ಯಾವುದರ ಮೇಲೆ? ಗುರಿಯ ಹಿಂದೆ ಏನಿದೆ? ಕೆಲವರಿಗೆ ಇದು ಬೇಸರ ತರುತ್ತದೆ. ಆದರೆ ಈ ಮೂರು ಗೊತ್ತಿಲ್ಲದೆ ತೋಟಾ ಆರಿಸುವುದು ಆಗದ ಮಾತು.

ಪವರ್ ಅಂದರೆ ನಳಿಗೆಯ ಬಾಯಲ್ಲಿ ಗುಂಡಿಗೆ ಇರುವ ಶಕ್ತಿ. ಡಬ್ಬಿಯ ಮೇಲೆ ಬರೆದಿರುವುದು ಅದೇ. ಗುರಿ ಇರುವುದು ನಳಿಗೆಯ ಬಾಯಲ್ಲಲ್ಲ, ಅಲ್ವಾ? ಅಲ್ಲಿಗೆ ಹೋಗುವಷ್ಟರಲ್ಲಿ ಗುಂಡಿನಲ್ಲಿ ಎಷ್ಟು ಉಳಿದಿದೆ, ಅದು ಎಷ್ಟು ಪಕ್ಕಕ್ಕೆ ಸರಿದಿದೆ ಅನ್ನೋದು ಮುಖ್ಯ.

ನಮ್ಮ ಮಿಸ್ತ್ರಿ ಚಾಚಾ ಇದನ್ನು ತೋರಿಸುವ ರೀತಿ ನನಗೆ ಬಹಳ ಇಷ್ಟ. ಕೌಂಟರಿನ ಗಾಜಿನ ಮೇಲೆ ಎರಡು ತೋಟಾ ನಿಲ್ಲಿಸುತ್ತಾರೆ. ಒಂದು ತ್ರೀ ಫಿಫ್ಟೀನ್ (.315), ಇನ್ನೊಂದು ಥರ್ಟಿ ನಾಟ್ ಸಿಕ್ಸ್ (.30-06). ಇವು ತೋಟಾದ ಅಳತೆಯ ಹೆಸರುಗಳು. ತ್ರೀ ಫಿಫ್ಟೀನ್‌ನ ಬುಡದಲ್ಲಿ ಅಂಚು ಹೊರಗೆ ಚಾಚಿದೆ, ಉಗುರು ಸಿಕ್ಕಿಕೊಳ್ಳುತ್ತದೆ. ಗುಂಡು ದಪ್ಪ, ತುದಿ ಮೊಂಡು. ಥರ್ಟಿ ನಾಟ್ ಸಿಕ್ಸ್‌ನ ಬುಡ ಸಪಾಟು, ಅಂಚಿನ ಬದಲು ಗೀರಿನಂಥ ಒಂದು ಕಚ್ಚು ಇದೆ. ಗುಂಡಿನ ತುದಿ ಚೂಪು. "ಮೂಗು ನೋಡು ಬೇಟಾ, ಗಾಳಿ ಸೀಳೋ ಮೂಗು ಯಾವುದು?" ಅಂತ ಕೇಳುತ್ತಾರೆ. ಬಂದವರು ತಾವಾಗಿಯೇ ಚೂಪಾದದ್ದನ್ನು ಕೈಗೆತ್ತಿಕೊಳ್ಳುತ್ತಾರೆ.

ತ್ರೀ ಫಿಫ್ಟೀನ್ ಕೆಟ್ಟ ತೋಟಾ ಅಂತ ಅಲ್ಲ. ಮೂಲದಲ್ಲಿ ಅದು ಆಸ್ಟ್ರಿಯಾ ಸೈನ್ಯದ ಎಂಟು ಮಿಲಿಮೀಟರ್ ತೋಟಾ. ಬ್ರಿಟಿಷರ ಕಾಲದಲ್ಲಿ ತ್ರೀ ನಾಟ್ ತ್ರೀಯಂಥ ಸೈನ್ಯದ ಬೋರು (ನಳಿಗೆಯ ಅಳತೆ) ಜನರ ಕೈಗೆ ಸಿಗಬಾರದು ಅಂತ ನಿರ್ಬಂಧ ಇತ್ತು. ಹಾಗಾಗಿ ಇದು ನಮ್ಮ ದೇಶದಲ್ಲಿ ಚಾಲ್ತಿಗೆ ಬಂತು, ಇವತ್ತಿಗೂ ಉಳಿದಿದೆ. ನೂರು ಮೀಟರ್ ಒಳಗೆ ಅದು ತನ್ನ ಕೆಲಸ ಚೆನ್ನಾಗಿ ಮಾಡುತ್ತದೆ. ಮುನ್ನೂರು ಮೀಟರಿಗೆ ಅದನ್ನು ಕೇಳಬೇಡಿ.

ದೂರದ ಗುರಿಯ ಬಗ್ಗೆ ಓದಿಕೊಂಡ ಹುಡುಗರು ಕೇಳುವುದು ತ್ರೀ ನಾಟ್ ಏಯ್ಟ್ ವಿಂಚೆಸ್ಟರ್ ಬಗ್ಗೆ. 1952ರಲ್ಲಿ ಬಂದ ತೋಟಾ ಅದು. ಅದರ 168 ಗ್ರೇನಿನ ಮ್ಯಾಚ್ ಗುಂಡು, ಅಂದರೆ ಸ್ಪರ್ಧೆಯ ಗುಂಡು, ಸುಮಾರು 11 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಹೆಚ್ಚುಕಡಿಮೆ 800 ಮೀಟರ್ ವೇಗದಲ್ಲಿ ಹೊರಡುತ್ತದೆ. ನೂರು ಮೀಟರಿಗೆ ಸೈಟ್ ಕೂಡಿಸಿದ (ಗುರಿ ಹೊಂದಿಸಿದ) ರೈಫಲ್‌ನಿಂದ ಅದನ್ನೇ 300 ಮೀಟರಿಗೆ ಹೊಡೆದರೆ ಸುಮಾರು ಒಂದು ಮೊಳ ಕೆಳಗೆ ಬೀಳುತ್ತದೆ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಇದ್ದರೆ ಹತ್ತಿರ ಹತ್ತಿರ ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ. ದೂರ ಎರಡು ಪಟ್ಟು ಮಾಡಿ ನೋಡಿ. ಗಾಳಿಯ ಸರಿತ ಎರಡು ಗೇಣಲ್ಲ, ನಾಲ್ಕು ಗೇಣಿಗಿಂತ ಜಾಸ್ತಿ. ಕೆಳಗೆ ಬೀಳುವುದನ್ನು ಲೆಕ್ಕ ಹಾಕಿ ಸ್ಕೋಪ್ ತಿರುಗಿಸಬಹುದು, ಭೂಮಿಯ ಸೆಳೆತ ದಿನಕ್ಕೊಂದು ಥರ ಇರುವುದಿಲ್ಲ. ಗಾಳಿ ಹಾಗಲ್ಲ. ಯಲಬುರ್ಗಾ, ಕುಷ್ಟಗಿ ಕಡೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ನೆ ಅಲ್ಲ. ಆಷಾಢದ ಗಾಳಿ ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

2007ರಲ್ಲಿ ಬಂದ ಸಿಕ್ಸ್ ಪಾಯಿಂಟ್ ಫೈವ್ ಕ್ರೀಡ್‌ಮೂರ್ ಇಷ್ಟು ಹೆಸರು ಮಾಡಿದ್ದು ಈ ಗಾಳಿಯ ಕಾರಣಕ್ಕೇ. ಗುಂಡು ಸಣ್ಣ, ಉದ್ದ, ಚೂಪು. ವೇಗ ಬೇಗ ಕಳೆದುಕೊಳ್ಳುವುದಿಲ್ಲ, ಗಾಳಿಗೆ ಕಡಿಮೆ ಸರಿಯುತ್ತದೆ. ಭುಜಕ್ಕೆ ಒದೆತವೂ ಕಡಿಮೆ. ಒದೆತಕ್ಕೆ ಹೆದರಿದವರು ಕುದುರೆ ಎಳೆಯುವಾಗಲೇ ಕಣ್ಣು ಮುಚ್ಚುತ್ತಾರೆ. ಮದ್ದು ಜಾಸ್ತಿ ತುಂಬಿದ ಮ್ಯಾಗ್ನಮ್ ತೋಟಾಗಳ ಆಸೆ ಇರುವವರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಇನ್ನೊಂದು ತುದಿಯಲ್ಲಿ ಪಾಯಿಂಟ್ ಟೂ ಟೂ ಇದೆ. ಎರಡೂವರೆ ಗ್ರಾಮಿನ ಗುಂಡು. ತ್ರೀ ನಾಟ್ ಏಯ್ಟ್‌ನ ಶಕ್ತಿ ಇದಕ್ಕಿಂತ ಸುಮಾರು 25 ಪಟ್ಟು ಜಾಸ್ತಿ. ಆದರೂ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ನಡೆಯುವುದು ಇದರಲ್ಲೇ. ಅಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಬರೀ 10.4 ಮಿಲಿಮೀಟರ್. ಸ್ಪರ್ಧೆಯ ತೋಟಾವನ್ನು ಬೇಕೆಂದೇ ಶಬ್ದದ ವೇಗಕ್ಕಿಂತ ನಿಧಾನವಾಗಿ ಹೋಗುವಂತೆ ಮಾಡಿರುತ್ತಾರೆ. ಶಬ್ದದ ವೇಗ ದಾಟಿ ಹೊರಟ ಗುಂಡು ಮತ್ತೆ ಅದರ ಕೆಳಗೆ ಇಳಿಯುವಾಗ ಅಲುಗಾಡುತ್ತದೆ. ಮೊದಲೇ ಕೆಳಗಿದ್ದರೆ ಆ ತೊಂದರೆಯೇ ಇಲ್ಲ. ಡಬ್ಬಿಯ ಮೇಲೆ "ಹೈ ವೆಲಾಸಿಟಿ" ಅಂತ ನೋಡಿ ಅದೇ ಬೇಕು ಅನ್ನುವ ಹೊಸ ಹುಡುಗರಿಗೆ ಇದು ನಂಬಲು ಕಷ್ಟ. ರೇಂಜಿನಲ್ಲಿ ಎರಡನ್ನೂ ಹೊಡೆದು ನೋಡಿ ಅಂತೀನಿ.

ಈಗ ನಮ್ಮ ಬಿಸಿಲಿನ ವಿಷಯ. ಹೊರದೇಶದ ತೋಟಾ ಕೋಷ್ಟಕಗಳನ್ನು ನಮ್ಮ ಬಿಸಿಲಿಗೋಸ್ಕರ ಬರೆದಿಲ್ಲ. ರಾಯಚೂರಿನ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ತೋಟಾ ಕಾದರೆ ಒಳಗಿನ ಮದ್ದು ಜೋರಾಗಿ ಉರಿಯುತ್ತದೆ, ಒತ್ತಡ ಏರುತ್ತದೆ, ಗುಂಡಿನ ವೇಗವೂ ಏರುತ್ತದೆ. ಬಿಸಿ ಗಾಳಿ ತೆಳುವಾದ್ದರಿಂದ ಗುಂಡಿಗೆ ತಡೆಯೂ ಕಡಿಮೆ. ಜನವರಿಯ ಬೆಳಿಗ್ಗೆ ಕೂಡಿಸಿದ ಸೈಟ್ ಮೇ ತಿಂಗಳ ಮಧ್ಯಾಹ್ನ ಮೇಲಕ್ಕೆ ಹೊಡೆಯುವುದು ಇದಕ್ಕೇ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಟ್ಟ ತೋಟಾವನ್ನು ಹಾಗೇ ತುಂಬಿ ಹೊಡೆಯಬೇಡಿ. ನೆರಳಲ್ಲಿಟ್ಟು ಆರಲು ಬಿಡಿ. ಹೊಡೆದ ಮೇಲೆ ಬೋಲ್ಟ್ ಎತ್ತಲು ಬಿಗಿಯಾದರೆ, ಅಥವಾ ಖಾಲಿ ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಕ್ಯಾಪ್ ಚಪ್ಪಟೆಯಾಗಿದ್ದರೆ, ಅಲ್ಲಿಗೇ ನಿಲ್ಲಿಸಿ. ಅದು ಒತ್ತಡ ಮೀರಿದ ಗುರುತು.

ಬೇಟೆಯ ಮಾತು ಬಂದಾಗ ನಾನು ನೇರವಾಗಿ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಶೋಕಿಗೆ ಬೇಟೆ ಇಲ್ಲ. ಕೊಪ್ಪಳದ ಹೊಲಗಳಲ್ಲಿ ಕೃಷ್ಣಮೃಗ ಬೆಳೆ ತಿನ್ನುತ್ತದೆ, ಹಂದಿ ಶೇಂಗಾ ಅಗೆಯುತ್ತದೆ. ರೈತರ ನೋವು ನಿಜ, ನಾನು ದಿನಾ ಕೇಳುತ್ತೇನೆ. ಅದಕ್ಕೆ ಅರಣ್ಯ ಇಲಾಖೆಯ ಬಾಗಿಲು ತಟ್ಟಬೇಕೇ ಹೊರತು ತೋಟಾ ಅಂಗಡಿಯದ್ದಲ್ಲ. ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗರು ಫೋನು ಮಾಡಿ ಕೇಳಿದರೆ ಮಾತ್ರ ವಿವರವಾಗಿ ಹೇಳುತ್ತೇನೆ. ಮ್ಯಾಚ್ ಗುಂಡಿನ ತುದಿಯಲ್ಲಿ ಸೂಜಿ ಹಿಡಿಯುವಷ್ಟು ಒಂದು ತೂತು ಇರುತ್ತದೆ. ಅದನ್ನು ನೋಡಿ ಇದು ಬೇಟೆಗೆ ಅರಳುವ ಗುಂಡು ಅಂದುಕೊಳ್ಳುತ್ತಾರೆ. ಆ ತೂತು ಗುಂಡು ತಯಾರಿಸುವಾಗ ಉಳಿಯುವುದು, ಅರಳಲು ಇಟ್ಟದ್ದಲ್ಲ. ಬೇಟೆಗೆ ಬೇಕಾದದ್ದು ಒಳಗೆ ಹೋದ ಮೇಲೆ ಅರಳಿ, ಪ್ರಾಣಿಯನ್ನು ಬೇಗ ಕೆಡವುವ ಸಾಫ್ಟ್ ಪಾಯಿಂಟ್ ಥರದ ಗುಂಡು. ಪೂರ್ತಿ ಜಾಕೆಟ್ (ಲೋಹದ ಹೊದಿಕೆ) ಇರುವ ಗುಂಡು ತೂರಿಕೊಂಡು ಆಚೆ ಹೋಗುತ್ತದೆ, ಜಿಂಕೆ ಗಾಯದಲ್ಲೇ ಮೈಲಿಗಟ್ಟಲೆ ಓಡಿ ನರಳಿ ಸಾಯುತ್ತದೆ. ಇದು ನನಗೆ ಸಹಿಸಲಾಗದ ವಿಷಯ. ಖಚಿತವಾಗಿ ಹೊಡೆಯಲಾಗದ ದೂರದಿಂದ ಪ್ರಾಣಿಗೆ ಗುರಿ ಇಡುವವರಿಗೆ ಯಾವ ತೋಟಾವೂ ಸರಿಯಲ್ಲ.

ಗುರಿಯ ಹಿಂದೆ ಏನಿದೆ ಅಂತ ಕೇಳುವುದೂ ಅಷ್ಟೇ ಮುಖ್ಯ. ಪಾಯಿಂಟ್ ಟೂ ಟೂ ಗುಂಡು ಕೂಡ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಸಿರುಗುಪ್ಪ, ಗಂಗಾವತಿ ಕಡೆಯ ಭತ್ತದ ಗದ್ದೆಗಳಲ್ಲಿ ಅದನ್ನು ತಡೆಯಲು ಏನೂ ಇಲ್ಲ, ಎಲ್ಲೋ ಒಬ್ಬರು ನಾಟಿ ಮಾಡುತ್ತಿರುತ್ತಾರೆ. ನಮ್ಮ ಬಳ್ಳಾರಿಯ ಬಂಡೆಗುಡ್ಡ ಇನ್ನೂ ಅಪಾಯ. ಕಲ್ಲಿಗೆ ಬಡಿದ ಗುಂಡು ಯಾವ ಕಡೆ ಚಿಮ್ಮುತ್ತದೋ ಹೇಳಲಾಗದು. ಮಣ್ಣಿನ ದಿಬ್ಬ ಇರುವ ಅನುಮತಿ ಪಡೆದ ರೇಂಜ್ ಬಿಟ್ಟು ಬೇರೆ ಕಡೆ ರೈಫಲ್ ಅಭ್ಯಾಸ ಬೇಡ.

ಕೊನೆಗೆ ಕೊಳ್ಳುವಾಗಿನ ಮಾತು. ಲೈಸೆನ್ಸ್‌ನಲ್ಲಿ ಬರೆದ ಬೋರಿನ ತೋಟಾ ಮಾತ್ರ, ಬರೆದ ಮಿತಿಯೊಳಗೆ ಮಾತ್ರ ಕೊಡುತ್ತೇವೆ. ಮಿತಿ ಇರುವುದರಿಂದಲೇ ಬೇಕಾದಾಗ ಸಿಗುವ ತೋಟಾವನ್ನೇ ಆರಿಸಿ. ಕಾಗದದ ಮೇಲೆ ಅದ್ಭುತವಾಗಿದ್ದು ವರ್ಷಕ್ಕೊಮ್ಮೆ ಸಿಗುವ ತೋಟಾದಿಂದ ಯಾರಿಗೂ ಅಭ್ಯಾಸ ಆಗುವುದಿಲ್ಲ. ಡಬ್ಬಿಯ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಗುರುತು) ನೋಡಿ, ಸಾಧ್ಯವಾದರೆ ಎಲ್ಲಾ ಡಬ್ಬಿ ಒಂದೇ ಲಾಟಿನದು ಕೇಳಿ ತೆಗೆದುಕೊಳ್ಳಿ. ಒಂದೇ ಹೆಸರಿನ ತೋಟಾ ಲಾಟ್ ಬದಲಾದರೆ ಗುರಿ ಕಾಗದದ ಬೇರೆ ಕಡೆ ಗುಂಡುಗಳು ಗುಂಪಾಗಿ ಬೀಳುವುದುಂಟು. ಹೊಸ ಲಾಟ್ ತಂದಾಗ ಕಾಗದಕ್ಕೆ ಐದು ಗುಂಡು ಹೊಡೆದು, ಆ ಕಾಗದದ ಮೇಲೆ ತಾರೀಖು, ಲಾಟ್ ನಂಬರ್, ಅವತ್ತಿನ ಬಿಸಿಲು ಬರೆದಿಡಿ. ಮುಂದಿನ ಸಲ ಅಂಗಡಿಗೆ ಬರುವಾಗ ಲೈಸೆನ್ಸ್ ಜೊತೆ ಆ ಕಾಗದವನ್ನೂ ತನ್ನಿ, ಚಾಚಾ ನೋಡಿ ಹೇಳುತ್ತಾರೆ.