ಆ ನಾಯಿ ಅಲ್ಲೇನು ಮಾಡ್ತಿದೆ?

ನಮ್ಮ ಮನೆಯ ಹಾಲ್‌ನಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಒಂದು ಎಚಿಂಗ್‌ನ, ಅಂದರೆ ತಾಮ್ರದ ತಗಡಿನಲ್ಲಿ ಗೀರಿ ಕಾಗದಕ್ಕೆ ಒತ್ತಿದ ಚಿತ್ರದ, ನಕಲಿದೆ. 'ಒಳ್ಳೆಯ ಸಮಾರ್ಯದವನು', 1633ರದ್ದು. ಬಂದವರು ಕಾಫಿ ಲೋಟ ಹಿಡಿದುಕೊಂಡೇ ಹತ್ತಿರ ಹೋಗಿ ನೋಡುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಅಲ್ರೀ, ಬೈಬಲ್ ಚಿತ್ರ ಅಂತೀರಿ. ನಾಯಿ ಕಕ್ಕ ಮಾಡ್ತಾ ಕೂತಿದೆಯಲ್ಲ?"

ಹೌದು, ಕೂತಿದೆ. ಎಲ್ಲರಿಗಿಂತ ಮುಂದೆ, ಕಣ್ಣಿಗೆ ರಾಚುವ ಹಾಗೆ.

ಕಥೆ ಲೂಕನ ಸುವಾರ್ತೆಯ 10ನೇ ಅಧ್ಯಾಯದ್ದು. ಯೆರೂಸಲೇಮಿನಿಂದ ಯೆರಿಕೋವಿಗೆ ಹೊರಟವನನ್ನು ಕಳ್ಳರು ದೋಚಿ, ಬಡಿದು, ಅರೆಜೀವ ಮಾಡಿ ಹೋಗುತ್ತಾರೆ. ಯಾಜಕನೊಬ್ಬ, ದೇವಾಲಯದ ಸೇವೆ ಮಾಡುವ ಲೇವಿಯನೊಬ್ಬ ನೋಡಿಯೂ ಆಚೆ ಬದಿಯಿಂದ ದಾಟಿಬಿಡುತ್ತಾರೆ. ನಿಂತವನು ಯೆಹೂದ್ಯರಿಗೆ ಆಗಿಬರದ ಸಮಾರ್ಯ ಸೀಮೆಯವನು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಛತ್ರಕ್ಕೆ ಕರೆತರುತ್ತಾನೆ.

ರೆಂಬ್ರಾಂಟ್ ಹಿಡಿದದ್ದು ಛತ್ರದ ಬಾಗಿಲನ್ನು. ಮೆಟ್ಟಿಲ ಮೇಲೆ ಸಮಾರ್ಯದವನು ನಮಗೆ ಬೆನ್ನು ಹಾಕಿ ಛತ್ರದ ಯಜಮಾನನ ಹತ್ತಿರ ಮಾತಾಡುತ್ತಿದ್ದಾನೆ. ಆಳೊಬ್ಬ ಗಾಯಾಳುವನ್ನು ಕುದುರೆಯಿಂದ ಇಳಿಸಿಕೊಳ್ಳುತ್ತಿದ್ದಾನೆ, ಹುಡುಗ ಲಗಾಮು ಹಿಡಿದಿದ್ದಾನೆ. ಹಿಂದೆ ಹೆಂಗಸೊಬ್ಬಳು ಬಾವಿಯಲ್ಲಿ ನೀರು ಸೇದುತ್ತಿದ್ದಾಳೆ. ಕಿಟಕಿಯಲ್ಲಿ ಗರಿ ಟೋಪಿಯವನೊಬ್ಬ ಸುಮ್ನೆ ನೋಡುತ್ತಿದ್ದಾನೆ. ಅವನೇ ಕಳ್ಳರ ನಾಯಕ, ಗಾಯಾಳು ಗುರುತು ಹಿಡಿದು ಹೆದರಿದ್ದಾನೆ ಎಂದು ಜರ್ಮನ್ ಕವಿ ಗಯಟೆ ಬರೆದಿದ್ದ. ನನಗೆ ಅದು ಸ್ವಲ್ಪ ಜಾಸ್ತಿ ಅನಿಸುತ್ತದೆ.

ಇನ್ನು ನಾಯಿ. ಇದೇ ದೃಶ್ಯದ ಚಿಕ್ಕ ವರ್ಣಚಿತ್ರವೊಂದು ಲಂಡನ್ನಿನ ವಾಲೇಸ್ ಕಲೆಕ್ಷನ್ ಎಂಬ ಮ್ಯೂಸಿಯಂನಲ್ಲಿದೆ. ಎಚಿಂಗ್‌ನಲ್ಲಿ ಅದರ ಎಡ ಬಲವಾಗಿದೆ, ಬಲ ಎಡವಾಗಿದೆ. ತಗಡಿನ ಮೇಲೆ ಗೀರಿದ್ದನ್ನು ಕಾಗದಕ್ಕೆ ಒತ್ತಿದರೆ ಹಾಗೆ ತಿರುಗುವುದು ಸಹಜ. ಆದರೆ ಆ ವರ್ಣಚಿತ್ರದಲ್ಲಿ ನಾಯಿಯೇ ಇಲ್ಲ! ಎಚಿಂಗ್‌ನಲ್ಲಿ ಯಾವುದೂ ಕೈತಪ್ಪಿ ಬರುವಂಥದ್ದಲ್ಲ. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೆರೆ ಗೆರೆಯಾಗಿ ಗೀರಿ, ಆಸಿಡ್ ಕುಡಿಸಬೇಕು. ಬೇಕೆಂದೇ ಕೂರಿಸಿದ ನಾಯಿ ಅದು.

ಹಾಗಾಗಿ ನನ್ನ ಉತ್ತರ ಇಷ್ಟೇ: ಛತ್ರದ ಅಂಗಳ ಇರುವುದೇ ಹೀಗೆ. ಎರಡು ಸಾವಿರ ವರ್ಷ ಜನ ಹೇಳಿಕೊಳ್ಳುವ ಕಥೆ ಇಲ್ಲಿ ನಡೀತಿದೆ ಅಂತ ಅಲ್ಲಿ ಯಾರಿಗೆ ಗೊತ್ತು? ನೀರು ಸೇದಬೇಕು, ಕುದುರೆ ಹಿಡಿಯಬೇಕು, ಭಾರದ ಮೈಯನ್ನು ಇಳಿಸಬೇಕು. ಸಮಾರ್ಯದವನ ಮುಖವೂ ಸರಿಯಾಗಿ ಕಾಣುವುದಿಲ್ಲ, ತಲೆಯ ಸುತ್ತ ಪ್ರಭೆಯೂ ಇಲ್ಲ. ಗಾಯಾಳುವಿನ ಖರ್ಚಿನ ಮಾತು ಮುಗಿಸುವ ಅವಸರ ಅವನಿಗೆ.

ಮೊನ್ನೆ ಪಕ್ಕದ ಮನೆಯ ಹುಡುಗಿ ಮಾತ್ರ ಬೇರೆ ಪ್ರಶ್ನೆ ಕೇಳಿದಳು. "ಆಂಟಿ, ಇದನ್ನ ಆಮೇಲೆ ಯಾರು ಕ್ಲೀನ್ ಮಾಡ್ತಾರೆ?"

ಬಾವಿ ಹತ್ತಿರದ ಹೆಂಗಸನ್ನು ತೋರಿಸಿದೆ.